ಚಿಗರಿಗೊಂದು ಹಗ್ಗ

ನಮ್ಮ ಮನೆಯ ತಲಬಾಗಿಲ ಹಿಂದೆ ಕೊಡೆ ತೂಗುಹಾಕಲೆಂದು ಹೊಡೆಸಿದ ಗೂಟಗಳಿವೆ. ಈಗ ಅಲ್ಲಿ ಕೊಡೆಗೆ ಜಾಗವಿಲ್ಲ. ಕಬ್ಬಿಣದ ಸರಪಳಿ, ಕಿತ್ತಳೆ ಬಣ್ಣದ ನೈಲಾನ್ ಲೀಶ್, ಎದೆಗೆ ಕಟ್ಟುವ ಹಾರ್ನೆಸ್ ಎಲ್ಲ ಒಂದರ ಮೇಲೊಂದು ಜೋತುಬಿದ್ದಿವೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮನೆಮಂದಿಯೆಲ್ಲ ತೊಯ್ಸಿಕೊಂಡು ಬರುತ್ತಾರೆ. ನಾಯಿಯ ಹಗ್ಗಗಳು ಮಾತ್ರ ಬೆಚ್ಚಗಿವೆ.

“ಅಲ್ರೀ, ನಾಯಿ ಒಂದ, ಕೊರಳೂ ಒಂದ. ಇಷ್ಟು ಹಗ್ಗ ಯಾರಿಗೆ?” ಎನ್ನುತ್ತಾಳೆ ಹೆಂಡತಿ. ಒಂದೊಂದು ಹಗ್ಗದ ಹಿಂದೆಯೂ ಒಂದೊಂದು ಸಿದ್ಧಾಂತವಿದೆ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗುತ್ತದೆ.

ನಾಯಿ ಮುಧೋಳದ್ದು. ಬಾಗಲಕೋಟೆ ಕಡೆಯ ಬೀಗರು ಪ್ರೀತಿಯಿಂದ ಕೊಟ್ಟಿದ್ದು. ಬೀಗರ ಪ್ರೀತಿಯನ್ನು ಬೇಡ ಎನ್ನಲು ಬರುವುದಿಲ್ಲ. ಅದರಲ್ಲೂ 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರ ಹಾಕಿ ಅಂಚೆಚೀಟಿಯನ್ನೇ ತಂದಿದೆ. ನಮ್ಮ ಮನೆತನದಲ್ಲಿ ಆ ಮಟ್ಟಕ್ಕೆ ಏರಿದವರು ಯಾರೂ ಇಲ್ಲವಾದ್ದರಿಂದ ನಾಯಿಗೆ ಮೊದಲಿನಿಂದಲೂ ತುಸು ಹೆಚ್ಚೇ ಮರ್ಯಾದೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಕಣ್ಣು ಮಿಟುಕಿಸುವುದರೊಳಗೆ ಕಾಣೆಯಾಗುವ ಓಟ. ಚಿಗರಿ ಎಂದು ಹೆಸರಿಟ್ಟೆವು. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಬಿಆರ್‌ಟಿಎಸ್ ಬಸ್ಸುಗಳಿಗೂ ಅದೇ ಹೆಸರು. ಬಸ್ಸೇನೂ ತಕರಾರು ಮಾಡಲಿಲ್ಲ.

ಮೊದಲು ಬಂದದ್ದು ಸರಪಳಿ. ನಮ್ಮ ಕಡೆ ನಾಯಿ ಎಂದರೆ ಸರಪಳಿ, ಅದಕ್ಕೆ ಎರಡನೇ ಮಾತಿಲ್ಲ. ಆದರೆ ನಸುಕಿನಲ್ಲಿ ಅದನ್ನು ಝಣಝಣಿಸುತ್ತ ಹೊರಟರೆ ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಜೈಲು ಒಡೆದು ಬಂದವನನ್ನು ನೋಡುವ ಹಾಗೆ ಜನ ನನ್ನನ್ನು ನೋಡುತ್ತಿದ್ದರು. ಮೇಲಾಗಿ ಚಿಗರಿ ಜಗ್ಗಿದಾಗ ಅಂಗೈಯ ಸಿಪ್ಪೆ ಸುಲಿಯುತ್ತಿತ್ತು. ಆಮೇಲೆ ಚರ್ಮದ ಪಟ್ಟಿ. ಅದನ್ನು ಹಿಡಿದ ದಿನದಿಂದ ನನ್ನ ಬೆನ್ನು ನೆಟ್ಟಗಾಯಿತು, ನಡಿಗೆಯಲ್ಲಿ ನಿವೃತ್ತ ಕರ್ನಲ್‌ನ ಗತ್ತು ಬಂತು. ಕರ್ನಾಟಕ ಕಾಲೇಜಿನ, ಅಂದರೆ ಕೆಸಿಡಿಯ ಮೈದಾನದಲ್ಲಿ ಗುರುತಿಲ್ಲದವರೂ ನಮಸ್ಕಾರ ಮಾಡತೊಡಗಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಟ್ಟಿಯ ಮೇಲೆ ಬೂಸ್ಟು ಬಂದು, ಕರ್ನಲ್ಲನ ಮೈಯಿಂದ ಎಂಥದೋ ವಾಸನೆ ಹೊರಡಲು ಶುರುವಾದ ಮೇಲೆ ನಮಸ್ಕಾರಗಳು ದೂರದಿಂದಲೇ ಸಂದಾಯವಾದವು.

ಹಗ್ಗಕ್ಕಿಂತ ಮೊದಲು ನೋಡಬೇಕಾದದ್ದು ಕೊರಳು ಎಂಬುದನ್ನು ಚಿಗರಿಯೇ ಕಲಿಸಿತು. ಬೇರೆ ನಾಯಿಗಳಿಗೆ ತಲೆ ದಪ್ಪ, ಕುತ್ತಿಗೆ ಸಣ್ಣ. ಕೊರಳಪಟ್ಟಿ ಅಲ್ಲೇ ನಿಲ್ಲುತ್ತದೆ. ಮುಧೋಳದಂಥ ಬೇಟೆನಾಯಿಗಳದ್ದು ಕಿರಿದಾದ ತಲೆ, ಅದಕ್ಕೆ ಸರಿಸಮನಾದ ಕುತ್ತಿಗೆ. ಎರಡು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದರೆ ಸಾಕು, ಪಟ್ಟಿ ನಮ್ಮ ಕೈಯಲ್ಲಿ, ನಾಯಿ ಪಕ್ಕದ ಓಣಿಯಲ್ಲಿ. ಇದಕ್ಕೆಂದೇ ಮಾರ್ಟಿಂಗೇಲ್ ಎಂಬ ಕೊರಳಪಟ್ಟಿಯಿದೆ. ಒಂದು ದೊಡ್ಡ ಕುಣಿಕೆ, ಅದಕ್ಕೆ ಪೋಣಿಸಿದ ಒಂದು ಚಿಕ್ಕ ಕುಣಿಕೆ. ಜಗ್ಗಿದಾಗ ಚಿಕ್ಕದು ದೊಡ್ಡದನ್ನು ಬಿಗಿಯುತ್ತದೆ. ಅಳತೆ ಸರಿಯಿದ್ದರೆ ತಲೆ ಜಾರುವುದಿಲ್ಲ, ಉಸಿರೂ ಕಟ್ಟುವುದಿಲ್ಲ. ಮನುಷ್ಯರ ಸಂಬಂಧಗಳಿಗೂ ಇಂಥದ್ದೊಂದು ಸಿಗುವಂತಿದ್ದರೆ ಎಂದು ಹೆಂಡತಿಗೆ ಹೇಳಿದೆ. “ಸಿಕ್ಕರ ನಿಮಗ ಯಾವ ಅಳತೀದು ತರಲಿ?” ಎಂದಳು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹುಡುಗನೊಬ್ಬ ನನ್ನ ಕೈಗೆ ಕೆಂಪು ಪ್ಲಾಸ್ಟಿಕ್ಕಿನ ಹಿಡಿಕೆ ಇಟ್ಟ. ಒಳಗೆ ಸ್ಪ್ರಿಂಗು, ಸ್ಪ್ರಿಂಗಿಗೆ ಸುತ್ತಿದ ಐದು ಮೀಟರ್ ದಾರ. ನಾಯಿ ಮುಂದೆ ಹೋದರೆ ದಾರ ಬಿಚ್ಚಿಕೊಳ್ಳುತ್ತದೆ, ಹತ್ತಿರ ಬಂದರೆ ಸುತ್ತಿಕೊಳ್ಳುತ್ತದೆ, ಗುಂಡಿ ಒತ್ತಿದರೆ ಬ್ರೇಕು. 1908ರಷ್ಟು ಹಿಂದೆಯೇ ಅಮೆರಿಕದ ಮೇರಿ ಡೆಲಾನಿ ಎಂಬಾಕೆ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದಳು. “ನಾಯಿಗೆ ಸ್ವಾತಂತ್ರ್ಯ, ನಿಮಗ ಕಂಟ್ರೋಲು, ಎರಡೂ ಇದರಾಗ ಅದಾವ ನೋಡ್ರಿ ಸರ” ಎಂದ ಹುಡುಗ. ಸಂವಿಧಾನಸಭೆ ವರ್ಷಗಟ್ಟಲೆ ತಲೆಕೆಡಿಸಿಕೊಂಡ ಪ್ರಶ್ನೆಯನ್ನು ಆತ ಒಂದು ಗುಂಡಿಯಲ್ಲಿ ಬಗೆಹರಿಸಿದ್ದ. ಕೊಂಡೆ.

ಮರುದಿನ ಬೆಳಿಗ್ಗೆ ಕೆಸಿಡಿ ಹತ್ತಿರದ ರಸ್ತೆ. ಚಿಗರಿ ಐದು ಮೀಟರ್ ಸ್ವಾತಂತ್ರ್ಯವನ್ನು ಪೂರ್ತಿ ಅನುಭವಿಸುತ್ತ ಮುಂದಿದೆ. ಗಟಾರದಿಂದ ಹಂದಿಯೊಂದು ಎದ್ದು ಬಂತು. ಧಾರವಾಡದ ಹಂದಿ, ಯಾರಿಗೂ ದಾರಿ ಬಿಡುವ ರೂಢಿಯಿಲ್ಲದ್ದು. ಚಿಗರಿ ಹಾರಿತು. ನಾನು ಗುಂಡಿ ಹುಡುಕುವಷ್ಟರಲ್ಲಿ ಹಿಡಿಕೆ ಕೈಯಿಂದ ಕಿತ್ತುಕೊಂಡು ಹೋಯಿತು.

ಸ್ಪ್ರಿಂಗಿನ ಧರ್ಮ ಸುತ್ತಿಕೊಳ್ಳುವುದು. ಹಿಡಿಯುವವನಿಲ್ಲದ ಹಿಡಿಕೆ ದಾರವನ್ನು ಸರ್ರನೆ ನುಂಗುತ್ತ, ಖಡಖಡ ಎಂದು ಡಾಂಬರಿನ ಮೇಲೆ ಕುಪ್ಪಳಿಸುತ್ತ ನಾಯಿಯ ಕಡೆಗೇ ಧಾವಿಸಿತು. ಚಿಗರಿ ಹಿಂದಿರುಗಿ ನೋಡಿತು. ಕಾಲಿಲ್ಲದ, ಕೆಂಪನೆಯ, ಹಲ್ಲು ಕಡಿಯುವ ಪ್ರಾಣಿಯೊಂದು ಬೆನ್ನು ಹತ್ತಿದೆ! ಹಂದಿಯ ವಿಚಾರ ಅಲ್ಲಿಗೇ ಮುಗಿಯಿತು. ಚಿಗರಿ ವೇಗ ಹೆಚ್ಚಿಸಿತು, ಪ್ರಾಣಿಯೂ ಹೆಚ್ಚಿಸಿತು. ಚಿಗರಿ ಎಡಕ್ಕೆ ತಿರುಗಿತು, ಅದೂ ತಿರುಗಿತು. ಹಂದಿಯನ್ನು ದಾಟಿ ಎರಡೂ ಮುಂದೆ ಹೋದಾಗ, ತನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದವರೇ ಮುಂದೆ ಓಡುತ್ತಿರುವುದನ್ನು ಕಂಡ ಹಂದಿಗೆ ಏನನ್ನಿಸಿತೋ, ಹಿಂದೆ ಇನ್ನೂ ದೊಡ್ಡ ಗಂಡಾಂತರ ಬರುತ್ತಿರಬೇಕು ಎಂದು ತೀರ್ಮಾನಿಸಿ ಅದೂ ಅವರ ಬೆನ್ನಿಗೇ ಓಡತೊಡಗಿತು. ಹಿಂದೆ ಬರುತ್ತಿದ್ದವನು ನಾನು.

ಈಗ ಮೆರವಣಿಗೆಯ ಕ್ರಮ ಹೀಗೆ: ಮೊದಲು ನಾಯಿ, ನಾಯಿಯ ಹಿಂದೆ ಹಿಡಿಕೆ, ಹಿಡಿಕೆಯ ಹಿಂದೆ ಹಂದಿ, ಹಂದಿಯ ಹಿಂದೆ ಮಂಕಿಕ್ಯಾಪ್ ಹಾಕಿಕೊಂಡ ನಾನು. ನಾಯಿ ಕಣ್ಮರೆಯಾದ ಮೇಲೆ ಜನರ ಕಣ್ಣಿಗೆ ಉಳಿದದ್ದು ಹಂದಿ ಮತ್ತು ನಾನು. “ಸರ, ಹಂದಿ ನಿಮ್ದೇನ್ರಿ?” ಎಂದು ವಾಕಿಂಗಿನವರೊಬ್ಬರು ಕಳಕಳಿಯಿಂದ ಕೇಳಿದರು. ಉತ್ತರಿಸಲು ಉಸಿರಿರಲಿಲ್ಲ. ಉಳಿದ ಉಸಿರಿನಲ್ಲೆಲ್ಲ “ಚಿಗರೀ! ಚಿಗರೀ!” ಎಂದು ಕೂಗುತ್ತಿದ್ದೆ. ಕಾಯಿಪಲ್ಲೆ ಚೀಲ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಗಾಬರಿಯಿಂದ ಸೆರಗು ಸರಿಪಡಿಸಿಕೊಂಡು, “ಚಿಗರಿ ಈ ಕಡೆ ಬರೂದು ಯಾವಾಗಿಂದ ಚಾಲೂ ಆತೋ ತಮ್ಮಾ? ಪಾಸು ನಡೀತೈತೇನು?” ಎಂದಳು.

ಮನೆ ಮುಟ್ಟಿದಾಗ ಚಿಗರಿ ಮಂಚದ ಕೆಳಗಿತ್ತು, ಹಿಡಿಕೆ ಗೇಟಿನ ಸಂದಿಯಲ್ಲಿ ಸತ್ತುಬಿದ್ದಿತ್ತು. “ಅದು ಬಂದು ಭಾಳೊತ್ತಾತು. ನೀವು ಎಲ್ಲಿ ಹೋಗಿದ್ರಿ?” ಎಂದಳು ಹೆಂಡತಿ.

ಆ ಮಧ್ಯಾಹ್ನ ನನಗೆ ಆತಕೂರಿನ ಕಾಳಿ ನೆನಪಾಯಿತು. 949-50ರ ಶಾಸನ, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಒಡೆಯ ಕೇಳಿದರೆ, ಮಣಲೇರನೆಂಬ ವೀರ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಮಣಲೇರ ಅದನ್ನು ಮನೆಗೆ ಯಾವ ಹಗ್ಗದಲ್ಲಿ ಕರೆತಂದನೆಂದು ಶಾಸನ ಹೇಳುವುದಿಲ್ಲ. ಪ್ಲಾಸ್ಟಿಕ್ ಹಿಡಿಕೆಯಂತೂ ಇರಲಿಕ್ಕಿಲ್ಲ. ಇದ್ದಿದ್ದರೆ ಹಂದಿಗೇ ಕಲ್ಲು ನೆಡಬೇಕಾಗುತ್ತಿತ್ತು.

ಹೀಗೆ ನಾನು ಹಗ್ಗದ ಮೇಲೆ ಹಗ್ಗ ಕೊಳ್ಳುತ್ತಿರುವಾಗ ಪಕ್ಕದ ಮನೆಯಲ್ಲಿ ಸಮಸ್ಯೆಯೇ ಇರಲಿಲ್ಲ. ಅಲ್ಲಿನ ಗುತ್ತಿಗೆದಾರರು ದುಬಾರಿ ಲ್ಯಾಬ್ರಡಾರ್ ತಂದು ಗೇಟಿನ ಕಂಬಕ್ಕೆ ಬಿಗಿದಿದ್ದರು. ಸರಪಳಿ ನೀರಿನ ಬೋಗುಣಿಯ ತನಕ ಮಾತ್ರ ಬರುತ್ತಿತ್ತು. ಬೇಸಿಗೆಯಲ್ಲಿ ನೆರಳು ಸರಿದರೂ ನಾಯಿ ಸರಿಯುವಂತಿರಲಿಲ್ಲ. ಚಿಗರಿಯೊಡನೆ ಹೊರಟಾಗೆಲ್ಲ ಅದು ಬೊಗಳುತ್ತಿರಲಿಲ್ಲ, ಸುಮ್ಮನೆ ಎದ್ದು ನಿಲ್ಲುತ್ತಿತ್ತು. ನನಗೆ ಹೊಟ್ಟೆಯಲ್ಲಿ ಬೆಂಕಿ. ಪ್ರಾಣಿಹಿಂಸೆ ತಡೆಗಟ್ಟುವ 1960ರ ಕಾಯ್ದೆ ಓದಿದೆ. ಹನ್ನೊಂದನೆಯ ಕಲಮಿನಲ್ಲಿ ಸ್ಪಷ್ಟವಾಗಿದೆ: ಪ್ರಾಣಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧ. ಗೇಟಿನ ಮುಂದೆ ನಿಂತು ಕಾಯ್ದೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ದಂಡ ಎಷ್ಟೈತ್ರಿ?” ಎಂದರು. ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಅವರು ಅಂಗಿಯ ಜೇಬಿಗೆ ಕೈ ಹಾಕಿದರು. “ಈಗ ಕೊಡ್ಲೇನ್ರಿ?”

ಐವತ್ತು ರೂಪಾಯಿಗೆ ಈಗ ಒಂದು ಒಳ್ಳೆಯ ಕೊಕ್ಕೆಯೂ ಬರುವುದಿಲ್ಲ. ಕಾಯ್ದೆ ಮಾಡಲಾಗದ್ದನ್ನು ಕೊನೆಗೆ ಸಕ್ಕರೆ ಕಾಯಿಲೆ ಮಾಡಿತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದರಂತೆ. ಒಂದು ಸಂಜೆ ಅವರೇ ಬಂದು ಸಂಕೋಚದಿಂದ, “ನಿಮ್ಮಲ್ಲಿ ಹಗ್ಗ ಏನರ ಹೆಚ್ಚಿಂದು ಐತೇನ್ರಿ?” ಎಂದರು. ಕರ್ನಲ್ಲನ ಪಟ್ಟಿಯನ್ನು ಎಣ್ಣೆ ಒರೆಸಿ ಕೊಟ್ಟೆ.

ನಾನು ಮಾತ್ರ ಕಾರಹುಣ್ಣಿಮೆಯ ಮುಂಚಿನ ಸಂತೆಯಲ್ಲಿ ಎತ್ತಿನ ಹಗ್ಗ, ಮಗಡ, ಗೆಜ್ಜೆಸರ ಮಾರುವವನ ಹತ್ತಿರ ಆರು ಅಡಿ ಹತ್ತಿಯ ಹಗ್ಗ ಹೊಸೆಸಿಕೊಂಡೆ. ನಾಯಿಗೆ ಎಂದಾಗ ಅವನು ನನ್ನ ಮುಖ ನೋಡಿ, “ನಾಯಿಗ್ಯಾಕ್ರಿ ಹಗ್ಗ? ಹೊಟ್ಟಿಗೆ ಹಾಕಿದ್ರ ತಾನ ಬೆನ್ನ ಹತ್ತತೈತಿ” ಎಂದ. ಹಗ್ಗ ಮೆತ್ತಗಿದೆ, ಅಂಗೈ ಸುಡುವುದಿಲ್ಲ, ಕೈಬಿಟ್ಟರೆ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಇನ್ನು ಹುಡುಕಾಟ ಮುಗಿಯಿತೆಂದು ನೆಮ್ಮದಿಯಿಂದಿದ್ದೆ.

ಮೊನ್ನೆ ಮೈದಾನದಲ್ಲಿ ಗುತ್ತಿಗೆದಾರರು ಎದುರಾದರು. ಬೆನ್ನು ನೆಟ್ಟಗೆ, ನಡಿಗೆಯಲ್ಲಿ ಗತ್ತು. ನನ್ನ ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಸರ, ಹತ್ತಿ ಹಗ್ಗ ಮಳಿಗಾಲಕ್ಕ ಬರಂಗಿಲ್ರಿ. ಆರು ಅಡಿನೂ ಭಾಳಾತು, ನಾಲ್ಕು ಸಾಕು. ಚರ್ಮದ್ದ ತಗೋರಿ” ಎಂದರು. ನಾನು ಕೊಟ್ಟ ಪಟ್ಟಿ ಹಿಡಿದುಕೊಂಡು ನನಗೇ ಉಪದೇಶ! ಬೂಸ್ಟಿನ ಸಂಗತಿ ಅವರಿಗೆ ಹೇಳಿಲ್ಲ. ಮಳೆಗಾಲ ಬರಲಿ.