ಎಂಬತ್ತಕ್ಕೆ ಎಪ್ಪತ್ತೆಂಟು

ವಿಮಾನದ ಹಳೇ ಎಂಜಿನ್ ಮಾರುವವರೆಲ್ಲ ಆಡುವ ಮಾತು ಒಂದೇ: ‘ಬಿಚ್ಚಿದ ದಿನದವರೆಗೂ ಚೆನ್ನಾಗಿ ಓಡುತ್ತಿತ್ತು.’ ಹಾಗಿದ್ದರೆ ಬಿಚ್ಚಿದ್ದೇಕೆ ಎಂದು ಕೇಳುವವನು ಬುದ್ಧಿವಂತ. ನಾನು ಕೇಳಿದ್ದು, ‘ಚೆಕ್ ಯಾರ ಹೆಸರಿಗೆ ಬರೆಯಲಿ?’

ಓಹಾಯೋದ ನಮ್ಮ ಮನೆ ಗ್ಯಾರೇಜಿನಲ್ಲಿ ನಾನು ಕಟ್ಟುತ್ತಿರುವುದು ಆರ್‌ವಿ-9ಎ ಎಂಬ ಎರಡು ಸೀಟಿನ ವಿಮಾನ. ಕಿಟ್ಟಿನಲ್ಲಿ ರೆಕ್ಕೆ, ಬಾಲ, ಸಾವಿರಾರು ರಿವೆಟ್ಟು ಎಲ್ಲ ಬರುತ್ತವೆ. ಎಂಜಿನ್ ಮಾತ್ರ ಬರುವುದಿಲ್ಲ. 118ರಿಂದ 160 ಅಶ್ವಶಕ್ತಿಯದನ್ನು ನಾವೇ ಹುಡುಕಿಕೊಳ್ಳಬೇಕು. ಹೊಸದರ ಬೆಲೆ ಕೇಳಿದ ಮೇಲೆ ಹಳೆಯದರಲ್ಲಿ ಭಕ್ತಿ ಹುಟ್ಟಿತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಬರೆದುಕೊಂಡಿರುವವನಿಗೆ ಎಂಜಿನ್ ಆರಿಸುವುದೇನು ಮಹಾ!

ಸಿಕ್ಕಿದ್ದು ಲೈಕಮಿಂಗ್ ಓ-320. ನಾಲ್ಕು ಸಿಲಿಂಡರ್, ಗಾಳಿಗೇ ತಣಿಯುವಂಥದ್ದು, 2,700 ಆರ್‌ಪಿಎಂಗೆ 160 ಅಶ್ವಶಕ್ತಿ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಪರೀಕ್ಷಿಸಿದೆ. ಮೌಂಟಿನ ಬೋಲ್ಟುಗಳ ಓರೆ ನನ್ನ ವಿಮಾನಕ್ಕೆ ಹೊಂದುತ್ತಿತ್ತು. ಪ್ರೊಪೆಲ್ಲರ್ ಯಾವತ್ತಾದರೂ ನೆಲಕ್ಕೆ ಬಡಿದು ಕ್ರ್ಯಾಂಕ್‌ಶಾಫ್ಟ್ ಡೊಂಕಾಗಿದೆಯೋ ಎಂದು ಡಯಲ್ ಗೇಜ್ ಇಟ್ಟು ತಿರುಗಿಸಿದೆ; ಮುಳ್ಳು ಕದಲಿದ್ದೇ ಕಡಿಮೆ. ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು, ಸೋರದೆ ಉಳಿದದ್ದೆಷ್ಟು ಎಂದು ಅಳೆಯುವ ಪರೀಕ್ಷೆಯ ಫಲಿತಾಂಶ ಲಾಗ್‌ಬುಕ್ಕಿನಲ್ಲಿತ್ತು: 78, 77, 79, 78. ಎಂಬತ್ತಕ್ಕೆ ಎಪ್ಪತ್ತೆಂಟು! ನನ್ನ ಅಂಕಪಟ್ಟಿಯಲ್ಲಿ ಇಂಥ ಸಂಖ್ಯೆಗಳು ಇರಲೇ ಇಲ್ಲ. ಕಣ್ಣು ತುಂಬಿ ಬಂತು.

ಓವರ್‌ಹಾಲ್ ಆದ ಮೇಲೆ ಓಡಿದ್ದು ಬರೀ 350 ಗಂಟೆ. ಮುಂದಿನ ಓವರ್‌ಹಾಲಿಗೆ ಕಂಪನಿ ಹೇಳುವ ಗಡುವು 2,000 ಗಂಟೆ, ಅಥವಾ 12 ವರ್ಷ. ‘ಅಥವಾ’ದಿಂದ ಆಚೆ ಓದುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಅದರ ಓವರ್‌ಹಾಲ್ ಆಗಿದ್ದು 1998ರಲ್ಲಿ.

‘ರೀ, ಆ 350 ಗಂಟೆ ಎಷ್ಟು ವರ್ಷದಲ್ಲಿ ಓಡಿದ್ದು?’ ಎಂದಳು ಹೆಂಡತಿ.

‘ಎಂಜಿನ್ ಏನು ಮೆಂತ್ಯದ ಸೊಪ್ಪೇನೇ, ಇಟ್ಟಲ್ಲೇ ಬಾಡೋದಕ್ಕೆ?’

ಮಾರಿದ ಅಜ್ಜನೂ ಧೈರ್ಯ ತುಂಬಿದ್ದ: ಹಾರಿಸದಿದ್ದರೇನಂತೆ, ತಿಂಗಳಿಗೊಮ್ಮೆ ತಪ್ಪದೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದನಂತೆ. ಎಂಥ ನಿಷ್ಠೆ ಎಂದುಕೊಂಡು ಚೌಕಾಸಿಯನ್ನೂ ಮಾಡಲಿಲ್ಲ.

ತಂದು ಕೂರಿಸಿ, ಓಡಿಸಿ, ಎಣ್ಣೆ ಬದಲಿಸುವಾಗ ಏರ್‌ಪೋರ್ಟಿನ ಮೆಕ್ಯಾನಿಕ್ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ನೆರಿಗೆ ಬಿಡಿಸಿ ಬಿಸಿಲಿಗೆ ಹಿಡಿದ. ಮಿಣಮಿಣ ಮಿನುಗಿತು. ‘ಚೆನ್ನಾಗಿದೆಯಲ್ಲ!’ ಎಂದೆ. ಅವನು ಮಾತಾಡದೆ ಆಯಸ್ಕಾಂತ ಆಡಿಸಿದ. ಮಿನುಗಿದ್ದೆಲ್ಲ ಎದ್ದು ಅದಕ್ಕೆ ಅಂಟಿಕೊಂಡಿತು. ಉಕ್ಕು.

ಒಂದು ಸಿಲಿಂಡರ್ ಬಿಚ್ಚಿ ಟಾರ್ಚ್ ಬಿಟ್ಟು ತೋರಿಸಿದ. ಕನ್ನಡಿಯಂತಿರಬೇಕಾದ ಕ್ಯಾಮ್ ಮೈಯೆಲ್ಲ ಗುಳಿ ಬಿದ್ದು, ಮೂತಿ ಸವೆದು ಮೊಂಡಾಗಿತ್ತು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟಿನ ಮೇಲೆ. ನಿಂತಲ್ಲೇ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು, ಮೇಲಿನದು ಬರಿಮೈಯಲ್ಲಿ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ತುಕ್ಕು ಹಿಡಿದ ಜಾಗವೇ ಉದುರತೊಡಗುತ್ತದೆ. ಗಾಳಿ ಬಿಟ್ಟು ಮಾಡುವ ಪರೀಕ್ಷೆ ಪಿಸ್ಟನ್ ರಿಂಗು, ವಾಲ್ವುಗಳ ಸುದ್ದಿ ಹೇಳುತ್ತದೆಯೇ ಹೊರತು ಕ್ಯಾಮಿನದ್ದನ್ನಲ್ಲ. ಅಜ್ಜನ ಮಾಸಿಕ ಸೇವೆಯಂತೂ ಇನ್ನೂ ಕೆಟ್ಟದ್ದು. ಹತ್ತು ನಿಮಿಷಕ್ಕೆ ಎಣ್ಣೆ ಸರಿಯಾಗಿ ಕಾಯುವುದಿಲ್ಲ, ಒಳಗೆ ಹುಟ್ಟಿದ ನೀರಿನ ಪಸೆ ಆವಿಯಾಗದೆ ಅಲ್ಲೇ ಉಳಿಯುತ್ತದೆ. ದಿನಾ ಹಾರುವ ಫ್ಲೈಯಿಂಗ್ ಸ್ಕೂಲಿನ 1,500 ಗಂಟೆಯ ಎಂಜಿನ್ ಇದಕ್ಕಿಂತ ಆರೋಗ್ಯವಾಗಿರುತ್ತದೆ ಎಂದ ಮೆಕ್ಯಾನಿಕ್. ಅಂಥದ್ದೊಂದನ್ನು ‘ಛೇ, ಬಹಳ ಓಡಿದೆ’ ಎಂದು ತಳ್ಳಿಹಾಕಿದ ಮಹಾಶಯ ನಾನೇ.

ಕ್ಯಾಮಿನ ಮೇಲೆ ಕೂರುವ ಟ್ಯಾಪೆಟ್ಟುಗಳ ತಲೆ ಅಣಬೆಯ ಹಾಗೆ ಅಗಲ. ಹೊರಗಿನಿಂದ ಎಳೆದರೆ ಬರುವುದಿಲ್ಲ. ಅವಕ್ಕಾಗಿ ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡಬೇಕು. ಮತ್ತೆ ಜೋಡಿಸುವಾಗ ಎಣ್ಣೆ ಸೋರದಿರಲೆಂದು ಹೋಳುಗಳ ನಡುವೆ ಇಡುವುದು ರೇಷ್ಮೆ ದಾರ. ಉದ್ದನೆಯ ಬಿಲ್ಲನ್ನು ಮೇಲಿಂದ ಓದುತ್ತಿದ್ದ ಹೆಂಡತಿ ಅಲ್ಲಿಗೆ ಬಂದು ನಿಂತಳು.

‘ನನಗೊಂದು ಮೈಸೂರು ಸಿಲ್ಕ್ ಕೊಡಿಸಿ ಅಂದರೆ ಬಜೆಟ್ ಇಲ್ಲ ಅಂತೀರಿ. ಎಂಜಿನ್ನಿಗೆ ರೇಷ್ಮೆ!’

ಎಲ್ಲ ಕೂಡಿ ಲೆಕ್ಕ ಹಾಕಿದರೆ ಹೊಸ ಎಂಜಿನ್ನೇ ಅಗ್ಗ ಎಂದು ತಿಳಿಯುವ ಅಪಾಯವಿದೆ. ಅದಕ್ಕೇ ಲೆಕ್ಕ ಹಾಕಿಲ್ಲ.

ಇಷ್ಟಾದರೂ ಕನ್ನಡ ಕೂಟದಲ್ಲಿ ನನ್ನ ಮರ್ಯಾದೆ ಹೆಚ್ಚಿದೆ. ಹಳೇ ಕಾರು ಕೊಳ್ಳುವವರೆಲ್ಲ ‘ನೀವು ಬರಲೇಬೇಕು ಸಾರ್’ ಎಂದು ಒತ್ತಾಯ ಮಾಡಿ ಕರೆದೊಯ್ಯುತ್ತಾರೆ. ನಾನು ಬಾನೆಟ್ ಎತ್ತಿ, ಬಗ್ಗಿ ನೋಡಿ, ಒಂದನ್ನು ತೋರಿಸಿ ‘ಇದು ಸೊಗಸಾಗಿದೆ’ ಎನ್ನುತ್ತೇನೆ. ಅವರು ಕೃತಜ್ಞತೆಯಿಂದ ಕೈಕುಲುಕಿ, ಅದೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಕೊಳ್ಳುತ್ತಾರೆ.