ತುಂಗೆಯ ದಡದಿಂದ ಬಳಗಾನೂರಿಗೆ: ಮಕ್ಕಳೊಂದಿಗರ ಬಳಕೆ ಕೈಪಿಡಿ

ಅಭಿನಂದನೆಗಳು. ವರ್ಗಾವಣೆ ಆದೇಶದಲ್ಲಿ ‘ಬಳಗಾನೂರು’ ಎಂದಿರುವುದನ್ನು ಓದಿ, ಗದಗದ ಕಡೆಯ ಬಳಗಾನೂರೇ ಇರಲಿ ದೇವರೇ ಎಂದು ಬೇಡಿಕೊಂಡು, ಕೊನೆಗೆ ರಾಯಚೂರು ಜಿಲ್ಲೆಯದೇ ಎಂದು ಖಾತ್ರಿ ಮಾಡಿಕೊಂಡಿದ್ದೀರಿ. ಈ ಕೈಪಿಡಿ ಇರುವುದು ತೀರ್ಥಹಳ್ಳಿ, ಕೊಪ್ಪ, ಸಾಗರದಂಥ ಊರುಗಳಿಂದ ಸರ್ಕಾರಿ ನೌಕರಿಯ ಸಲುವಾಗಿ ಇಲ್ಲಿಗೆ ಬರುವ, ಮನೆಯಲ್ಲಿ ಹತ್ತರೊಳಗಿನ ಮಕ್ಕಳಿರುವ ಸಂಸಾರಗಳಿಗೆ. ಮಕ್ಕಳಿಲ್ಲದವರಿಗೆ ಇದು ಬೇಕಾಗಿಲ್ಲ. ಅವರು ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಬಂದಿಳಿಯುತ್ತಾರೆ. ಅವರ ಮಟ್ಟಿಗೆ ಬಳಗಾನೂರು ಒಂದು ಹಾಜರಿ ಪುಸ್ತಕ.

ಬಳಸುವ ಮೊದಲು ಪೂರ್ತಿ ಓದಿ. ಮಿಕ್ಸಿ ತಂದ ದಿನ ಅದರ ಜತೆ ಬಂದ ಪುಸ್ತಕ ಎಲ್ಲಿ ಹೋಯಿತೋ ಈ ಪುಸ್ತಕವೂ ಅಲ್ಲಿಗೇ ಹೋಗುತ್ತದೆಂದು ಬರೆದವರಿಗೆ ಗೊತ್ತು. ಆದರೂ ನಿಯಮ ನಿಯಮವೇ.

ಸ್ಥಳ ಗುರುತಿಸುವುದು

ಹಳೆಯ ಕಾಗದಗಳಲ್ಲಿ ಬಳಗಾನೂರು ಸಿಂಧನೂರು ತಾಲ್ಲೂಕು. ಹೊಸ ಕಾಗದಗಳಲ್ಲಿ ಮಸ್ಕಿ ತಾಲ್ಲೂಕು. ಆ ಮಸ್ಕಿಯೇ ತಾಲ್ಲೂಕಾಗುವ ಮೊದಲು ಲಿಂಗಸುಗೂರಿಗೆ ಸೇರಿತ್ತು. ಆದ್ದರಿಂದ ಮಗುವಿನ ಶಾಲೆಯ ಅರ್ಜಿ, ಆಧಾರ್ ವಿಳಾಸ, ಗ್ಯಾಸ್ ಪುಸ್ತಕ, ಈ ಮೂರನ್ನೂ ಒಂದೇ ದಿನ ತುಂಬಬೇಡಿ. ತುಂಬಿದರೆ ಅಪ್ಪ ಒಂದು ತಾಲ್ಲೂಕಿನಲ್ಲೂ ಮಗ ಇನ್ನೊಂದರಲ್ಲೂ ವಾಸವಾಗಿರುವುದು ಕಾಣಿಸುತ್ತದೆ. ಪಿನ್ ಕೋಡ್ ಕೇಳಿ ಬರೆಯಿರಿ. ಉಳಿದದ್ದನ್ನು ಪೋಸ್ಟ್‌ಮ್ಯಾನ್ ನೋಡಿಕೊಳ್ಳುತ್ತಾನೆ. ನೀವು ಬಂದ ಸುದ್ದಿ ನಿಮ್ಮ ಲಾರಿಗಿಂತ ಮೊದಲೇ ಅವನಿಗೆ ಮುಟ್ಟಿರುತ್ತದೆ.

ಪೆಟ್ಟಿಗೆಯಲ್ಲಿ ಏನಿರಬೇಕು

ಕೊಡೆ ನಾಲ್ಕು ಬೇಡ, ಒಂದು ಸಾಕು. ಅದೂ ಬಿಸಿಲಿಗೆ. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ನೋಡಿದ ಮಗುವಿಗೆ, ಇಲ್ಲಿ ವರ್ಷವಿಡೀ ಬೀಳುವುದು ಆರುನೂರರ ಆಸುಪಾಸು ಎಂದರೆ ತಲೆಗೆ ಹತ್ತುವುದಿಲ್ಲ. ಕಂಬಳಿ ಮೇಲಿನ ಅಟ್ಟಕ್ಕೆ ಹಾಕಿ. ಕೊಟ್ಟೆಕಡುಬಿನ ಪಾತ್ರೆ ತನ್ನಿ; ಹಲಸಿನ ಎಲೆಯ ಆಸೆ ಬಿಟ್ಟುಬಿಡಿ. ರಾಗಿ ಹಿಟ್ಟು ಮಗುವಿಗೆ ರೂಢಿಯಿದ್ದರೆ ಒಂದಿಷ್ಟು ತನ್ನಿ, ಇಲ್ಲಿಯವರ ಹಿಟ್ಟು ಜೋಳದ್ದು.

ಇನ್ನು ಅಕ್ಕಿಯ ವಿಷಯ. ಮಲೆನಾಡಿನಿಂದ ಬರುವ ಪ್ರತಿ ಸಂಸಾರವೂ ‘ಅಲ್ಲಿ ಬರೀ ರೊಟ್ಟಿಯಂತೆ, ಮಕ್ಕಳು ಏನು ತಿನ್ನುತ್ತವೆ’ ಎಂದು ಸೋನಾ ಮಸೂರಿಯ ಚೀಲಗಳನ್ನು ಲಾರಿಯಲ್ಲಿ ಹಾಕಿಕೊಂಡು ಬರುತ್ತದೆ. ಇಳಿಸುವಾಗ ಚೀಲವನ್ನು ತಿರುಗಿಸಿ ನೋಡಿ. ಸಿಂಧನೂರು, ಗಂಗಾವತಿ, ಕಾರಟಗಿ, ಈ ಮೂರರಲ್ಲಿ ಒಂದು ಊರಿನ ರೈಸ್‌ಮಿಲ್ಲಿನ ಹೆಸರು ಅಚ್ಚಾಗಿರುವ ಸಾಧ್ಯತೆ ಬಹಳ. ಇಲ್ಲಿ ಬೆಳೆದ ನೆಲ್ಲು ಇಲ್ಲೇ ಅಕ್ಕಿಯಾಗಿ, ಘಟ್ಟದ ಬುಡದ ತನಕ ಹೋಗಿ, ನಿಮ್ಮ ಖರ್ಚಿನಲ್ಲಿ ತವರಿಗೆ ಮರಳಿದೆ. ಎದುರುಮನೆಯ ಯಕ್ಕ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿರುತ್ತಾಳೆ. “ಅಕ್ಕಿ ಹೊತ್ಕೊಂಡು ಬಂದೀರೇನ್ರೀ ಮೇಡಮ್ರ? ನಮ್ಮೂರಿಗಾ?” ಎಂದು ಕೇಳುತ್ತಾಳೆ. ಉತ್ತರ ಕೊಡುವ ಅಗತ್ಯವಿಲ್ಲ. ನಗಬಹುದು.

ಆ ನೆಲ್ಲು ಕುಡಿದ ನೀರು ಯಾವುದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನಿಮ್ಮ ಮನೆಯ ಹಿತ್ತಲಾಚೆ ಹರಿದ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯದಲ್ಲಿ ನಿಂತು, ಸುಮಾರು 225 ಕಿ.ಮೀ. ಉದ್ದದ ಎಡದಂಡೆ ಕಾಲುವೆಯಲ್ಲಿ ಈ ಸೀಮೆಗೆ ಬಂದಿದೆ. ಅಂದರೆ ತೀರ್ಥಹಳ್ಳಿಯಿಂದ ಇಲ್ಲಿಗೆ ವರ್ಗವಾದವರಲ್ಲಿ ನೀವು ಮೊದಲಿಗರೇನಲ್ಲ. ನಿಮ್ಮ ಹೊಳೆ ಬಂದು ಎಪ್ಪತ್ತು ವರ್ಷವಾಯಿತು. ವಾಪಸು ಹಾಕಿಸಿಕೊಡಿ ಎಂದು ಅದು ಒಂದು ಅರ್ಜಿಯನ್ನೂ ಕೊಟ್ಟಿಲ್ಲ.

ವಿದ್ಯುತ್, ನೀರು, ಉಷ್ಣಾಂಶ

ಎಚ್ಚರಿಕೆ: ಸಾಧನವನ್ನು ನೇರ ಬಿಸಿಲಿಗೆ ಒಡ್ಡಬಾರದು. ಸಾಧನ ಎಂದರೆ ಇಲ್ಲಿ ಮಗು.

ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ ನಲವತ್ತೆರಡು ದಾಟುವುದು ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಸರ್ಕಾರವೇ ಹೆದರುವ ಬಿಸಿಲಿಗೆ ನೀವು ಹೆದರುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹನ್ನೊಂದರಿಂದ ನಾಲ್ಕರ ತನಕ ಮಗುವನ್ನು ಒಳಗೆ ಇಡಿ, ಮಜ್ಜಿಗೆ ಕುಡಿಸಿ. ಉಳ್ಳಾಗಡ್ಡಿಯನ್ನು ಜೇಬಿನಲ್ಲಿಟ್ಟು ಕಳಿಸಿರೆಂದು ಯಾರಾದರೂ ಹೇಳಿದರೆ ವಾದ ಮಾಡದೆ ಇಡಿ. ನಷ್ಟವಿಲ್ಲ, ಸಂಜೆ ಪಲ್ಯಕ್ಕಾಗುತ್ತದೆ.

ಕೂಲರ್ ಕೊಳ್ಳಿ. ತುಂಗೆಯ ದಡದಲ್ಲಿ ಫ್ಯಾನಿಗೂ ರಜೆ ಕೊಟ್ಟು ಬದುಕಿದವರಿಗೆ ಇದು ಕಿಟಕಿಯ ಮುಂದೆ ಕೂಗುವ ತಗಡಿನ ಡಬ್ಬಿಯಂತೆ ಕಾಣಬಹುದು. ಒಂದು ಮಾರ್ಚ್ ಕಳೆಯಲಿ, ಮನೆದೇವರ ಫೋಟೊದ ಪಕ್ಕದಲ್ಲೇ ಜಾಗ ಕೊಡುತ್ತೀರಿ. ಇಲ್ಲಿ ತಮಾಷೆ ಬದಿಗಿಟ್ಟು ಒಂದು ಮಾತು: ಕೂಲರಿಗೆ ನೀರು ತುಂಬುವಾಗ ಪ್ಲಗ್ ಕಿತ್ತೇ ತುಂಬಿ, ಒದ್ದೆ ಕೈಯ ಮಗುವನ್ನು ಅದರ ಹತ್ತಿರ ಬಿಡಬೇಡಿ. ತಗಡಿನ ಮೈಗೆ ಕರೆಂಟು ಇಳಿದರೆ ಅದು ಮಗು, ದೊಡ್ಡವರು ಎಂದು ನೋಡುವುದಿಲ್ಲ.

ಕರೆಂಟು ಹೋದಾಗ ಮಗುವಿಗೆ ಸಾಮಾನ್ಯ ಜ್ಞಾನ ಹೇಳಿಕೊಡಿ. 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವುದು ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ ಎಂದು ಕತ್ತಲೆಯಲ್ಲಿ ಹೇಳಿದರೆ ಚೆನ್ನಾಗಿ ನೆನಪಿರುತ್ತದೆ. ಆಮೇಲೆ ಚಾಪೆ ಹಿಡಿದು ಮಾಳಿಗೆ ಹತ್ತಿ. ಅಕ್ಕಪಕ್ಕದ ಮಾಳಿಗೆಗಳ ಮೇಲೂ ಇಡೀ ಓಣಿ ಮಲಗಿರುತ್ತದೆ. ನಿಮ್ಮ ಮಗು ಯಾವ ಮಾಳಿಗೆಯ ಮೇಲೆ ನಿದ್ದೆಹೋಗಿದೆ ಎಂಬುದನ್ನು ಬೆಳಿಗ್ಗೆ ವಿಚಾರಿಸಿದರಾಯಿತು.

ಕುಡಿಯುವುದಕ್ಕೆ ಬೋರಿನ ನೀರು ಬೇಡ. ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಅದು ಮೊದಲು ಕಾಣುವುದು ಬೆಳೆಯುವ ಮಕ್ಕಳ ಹಲ್ಲಿನಲ್ಲಿ. ಫಿಲ್ಟರ್ ನೀರಿನ ಕ್ಯಾನಿಗೆ ಹೆಸರು ಬರೆಯಿರಿ, ಇಲ್ಲದಿದ್ದರೆ ಅದು ಓಣಿಯ ಆಸ್ತಿಯಾಗುತ್ತದೆ. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬುದನ್ನು ನೀವೂ ಗಮನಿಸತೊಡಗುತ್ತೀರಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಯ ಹೋಟೆಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಆ ಮಾತಿನಲ್ಲಿ ನೀವೂ ಸೇರಿಕೊಂಡು “ನಮ್ ನೀರು” ಎಂದ ದಿನ ಅಳವಡಿಕೆ ಅರ್ಧ ಮುಗಿಯಿತೆಂದು ತಿಳಿಯಿರಿ.

ನೆರೆಹೊರೆಗೆ ಜೋಡಿಸುವುದು

ಇದಕ್ಕೆ ತಂತಿ, ಸ್ಕ್ರೂ ಏನೂ ಬೇಕಾಗಿಲ್ಲ. ಬಾಗಿಲು ತೆರೆದಿಡಿ. ಯಾವೂರು, ಯಾವ ಮಂದಿ, ಬಾಡಗಿ ಎಷ್ಟು, ಪಗಾರ ಎಷ್ಟು ಎಂಬ ಪ್ರಶ್ನೆಗಳು ಮೊದಲ ವಾರದಲ್ಲೇ ಬರುತ್ತವೆ. ಎರಡನೆಯದಕ್ಕೆ ಉತ್ತರ ಹೇಳದೆ ಜಾರಿಕೊಳ್ಳುವುದು ನಿಮ್ಮ ಹಕ್ಕು. ನಾವಂತೂ ಜಾರಿಕೊಳ್ಳಿ ಎಂದೇ ಹೇಳುತ್ತೇವೆ. ಉಳಿದವನ್ನು ಮುಚ್ಚಿಡಲು ಹೋಗಿ ಪ್ರಯೋಜನವಿಲ್ಲ, ನಿಮ್ಮ ಮಗು ಹೇಳಿ ಮುಗಿಸಿರುತ್ತದೆ. ಅಪ್ಪ ಪಾತ್ರೆ ತೊಳೆಯುವುದು, ಅಮ್ಮ ರಾತ್ರಿ ಅತ್ತದ್ದು, ಅಜ್ಜಿ ಫೋನಿನಲ್ಲಿ ಬೈದದ್ದು, ಎಲ್ಲವೂ ಕಟ್ಟೆಯ ಮೇಲೆ ದಾಖಲಾಗಿದೆ. ಇದರಿಂದಾಗುವ ಲಾಭವೂ ಇದೆ. ಅಮ್ಮ ಅತ್ತಳೆಂದು ತಿಳಿದ ಸಂಜೆ ಎದುರುಮನೆಯಿಂದ ಪುಂಡಿಪಲ್ಲೆ, ಶೇಂಗಾ ಹಿಂಡಿ, ಬಿಸಿ ರೊಟ್ಟಿ ಬರುತ್ತವೆ, ಯಾಕೆ ಎಂದು ಯಾರೂ ಹೇಳುವುದಿಲ್ಲ. ಬಂದ ತಾಟನ್ನು ಖಾಲಿ ಕಳಿಸಬೇಡಿ.

ಮಗುವಿಗೆ ಮೊದಲ ತಿಂಗಳು ಮಿರ್ಚಿ ಕೊಡಬೇಡಿ. ಮಂಡಕ್ಕಿ ಒಗ್ಗರಣಿ ಮಾತ್ರ ಕೊಡಿ. ಎರಡನೆಯ ತಿಂಗಳು ಅದು ನಿಮ್ಮನ್ನು ಕೇಳುವುದಿಲ್ಲ.

ಎಳ್ಳಮಾಸಿಗೆ ಯಾರಾದರೂ ಹೊಲಕ್ಕೆ ಕರೆದರೆ, ಮಕ್ಕಳಿಗೆ ಪರೀಕ್ಷೆ ಇದೆ ಎಂದು ತಪ್ಪಿಸಿಕೊಳ್ಳಬಾರದು. ಟ್ರ್ಯಾಕ್ಟರಿನಲ್ಲಿ ಕೂತು ಹೋಗಿ, ಚರಗ ಚೆಲ್ಲಿ, ಎಣಗಾಯಿ ಬದನೆಕಾಯಿಯ ಜತೆ ಸಜ್ಜಿ ರೊಟ್ಟಿ ಉಂಡು, ಎರೆಮಣ್ಣಿನ ಮೇಲೆ ಅಡ್ಡಾಗಿ ಬನ್ನಿ. ಆ ಮಣ್ಣು ಒಣಗಿದಾಗ ಸಾಧು. ಒದ್ದೆಯಾದಾಗ ಮಗುವಿನ ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ಬಿಳಿ ಸಾಕ್ಸಿನ ಆಸೆಯನ್ನು ಅಲ್ಲೇ ಹೂತು ಬನ್ನಿ.

ಶಾಲೆ

ಬಿಸಿಯೂಟ ಈ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರಲ್ಲಿ, ರಾಯಚೂರು ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಮೊಟ್ಟೆಯೂ ಹಾಗೆಯೇ: 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಮಕ್ಕಳ ತಟ್ಟೆಗೆ ಮೊದಲು ಬಂತು. ಮೊದಲು ಬಂದದ್ದು ಹೆಮ್ಮೆಗಲ್ಲ, ಇಲ್ಲಿಯ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿದ್ದುದಕ್ಕೆ. ನೀವು ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದು ನಿಮ್ಮ ಮಗುವನ್ನು ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತಿಸುವುದಾದರೆ, ಆ ಬಸ್ಸು ನಿಮ್ಮ ಶಾಲೆಯ ಗೇಟಿನ ಮುಂದೆ ನಿಲ್ಲದ ಹಾಗೆ ನೋಡಿಕೊಳ್ಳಿ. ಇದಕ್ಕಿಂತ ಹೆಚ್ಚು ಹೇಳಿದರೆ ಕೈಪಿಡಿ ಭಾಷಣವಾಗುತ್ತದೆ.

ರಜೆಯ ದಿನ ಮಕ್ಕಳನ್ನು ಮಸ್ಕಿಗೆ ಕರೆದೊಯ್ಯಿರಿ. ಅಲ್ಲಿಯ ಬಂಡೆಯ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಪತ್ತೆ ಮಾಡಿದ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಖಚಿತವಾದದ್ದು ಅದರಿಂದ. ಮಕ್ಕಳಿಗೆ ಇದು ಐದು ನಿಮಿಷದ ವಿಷಯ, ಉಳಿದ ಹೊತ್ತು ಬೆಟ್ಟಕ್ಕೆ. ದೊಡ್ಡವರು ಮಾತ್ರ ಸ್ವಲ್ಪ ನಿಂತು ನೋಡಬೇಕು. ಪಾಟಲಿಪುತ್ರದ ದೊರೆಯ ಆದೇಶ ಇಷ್ಟು ದೂರ ಬಂದಿತ್ತು; ನಿಮ್ಮದು ಬರೀ ಬೆಂಗಳೂರಿನದು.

ತೊಂದರೆ ಕಂಡುಬಂದಲ್ಲಿ

ಮಗು ಊಟಕ್ಕೆ “ವಲ್ಲೆ” ಅಂದರೆ: ಎದುರುಮನೆಯಲ್ಲಿ ಉಂಡಿದೆ, ಗಾಬರಿ ಬೇಡ.

ವಿಡಿಯೊ ಕಾಲಿನಲ್ಲಿ ಅಜ್ಜಿ “ಎಂತ ಮಾರಾಯ್ತಿ, ಮಗು ಇಷ್ಟು ಕಪ್ಪಾಗಿದೆ!” ಎಂದು ಕೂಗಿದರೆ: ನೆಟ್‌ವರ್ಕ್ ಸರಿಯಿಲ್ಲ ಎನ್ನಿ.

ಮೊಹರಂ ಹೊತ್ತಿಗೆ ಮಗ ತಾನೂ ಫಕೀರನಾಗುತ್ತೇನೆಂದು ಹಟ ಹಿಡಿದರೆ: ಓಣಿಯ ಅರ್ಧ ಹುಡುಗರು ಆಗಿರುತ್ತಾರೆ, ಅದರಲ್ಲಿ ಯಾರು ಯಾವ ಮಂದಿ ಎಂದು ಲೆಕ್ಕ ಇಟ್ಟವರಿಲ್ಲ. ಅಲಾಯಿ ಕುಣಿಯ ಬೆಂಕಿಯ ಹತ್ತಿರ ಮಾತ್ರ ಕೈಬಿಡಬೇಡಿ.

ನಿಮಗೇ ಅಳು ಬಂದರೆ, ಮೇಲಿನ ಪುಂಡಿಪಲ್ಲೆಯ ಭಾಗ ನೋಡಿ.

ಹಿಂದಿನ ಬಳಕೆದಾರರು

ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ. ಇಲ್ಲಿ ಇರಬೇಕು.

ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಕುಟುಂಬಗಳು ಬಂದು, ನೆಲ ಕೊಂಡು, ಗದ್ದೆ ಮಾಡಿ, ಅಲ್ಲಲ್ಲಿ ಕ್ಯಾಂಪ್ ಕಟ್ಟಿಕೊಂಡವು. ಆ ಕ್ಯಾಂಪುಗಳ ಹೆಸರು ಇಂದಿಗೂ ಬಸ್ ನಿಲ್ದಾಣದಲ್ಲಿ ಕೇಳಿಸುತ್ತದೆ. ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಿಗೆ ಸಿಂಧನೂರಿನ ಹತ್ತಿರ ಪುನರ್ವಸತಿ ಕ್ಯಾಂಪುಗಳಾದವು. ಆರ್‌ಎಚ್ ಕ್ಯಾಂಪ್ ಒಂದು, ಎರಡು ಎಂದು ಅಂಕಿಯಿಂದಲೇ ಕರೆಯುತ್ತಾರೆ. ನದಿ, ಮೀನು, ಕೆಸರು ಬಿಟ್ಟು ಬೇರೇನೂ ಕಾಣದ ಆ ತಾಯಂದಿರು ಕೈಗೂಸುಗಳನ್ನು ಎತ್ತಿಕೊಂಡು ಈ ಬಿಸಿಲಿಗೆ ಇಳಿದರು. ಅವರಿಗೆ ಶನಿವಾರದ ಬಸ್ಸಿರಲಿಲ್ಲ. ಈಗ ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಅವರ ಮೊಮ್ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ.

ಇನ್ನು ಈ ನೆಲದವರು. ಕಾಲುವೆಯ ಕೊನೆಗೂ ಕಾಲುವೆಯೇ ಇಲ್ಲದ ಕಡೆಗೂ ನೀರು ಮುಟ್ಟುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಮಂದಿ ಗುಳೆ ಹೋಗುತ್ತಾರೆ. ರೊಟ್ಟಿಯ ಗಂಟು, ಕೊಡ, ಹಾಸಿಗೆ, ಎರಡು ಮಕ್ಕಳು, ಬೆಂಗಳೂರಿನ ಬಸ್ಸು. ಅಲ್ಲಿ ಕಟ್ಟಡದ ಕೆಲಸ, ತಗಡಿನ ಜೋಪಡಿ. ನಿಮ್ಮ ಮಗಳ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಒಂದು ಸೋಮವಾರ ಬರುವುದಿಲ್ಲ. “ಎಲ್ಲಿ ಹೋದ್ಲು?” ಎಂದು ಮಗಳು ಕೇಳಿದರೆ, “ಬೆಂಗ್ಳೂರಿಗ್ಯಾರ” ಎಂದು ಉಳಿದ ಮಕ್ಕಳೇ ಹೇಳುತ್ತವೆ, ಊಟ ಆಯಿತು ಅಂದಷ್ಟು ಸಲೀಸಾಗಿ. ಆ ಮಗುವೂ ಹೊಸ ಊರಿಗೆ ಹೋಗಿದೆ. ಅದಕ್ಕೆ ಕಟ್ಟೆಯ ಮೇಲೆ ಕೂತು ನೋಡುವ ಯಕ್ಕ ಸಿಗುತ್ತಾಳೋ ಇಲ್ಲವೋ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ಹಾಸ್ಟೆಲ್ ಎಂಬ ಏರ್ಪಾಡಿದೆ. ನೀವು ಶಿಕ್ಷಕರಾಗಿದ್ದರೆ, ಗುಳೆ ಹೊರಡುವ ಮೊದಲೇ ಆ ಮನೆಗೆ ಹೋಗಿ ಹೇಳಿ. ಬಸ್ಸು ಹೊರಟ ಮೇಲೆ ಹಾಜರಿಯಲ್ಲಿ ಗೈರು ಬರೆಯುವುದಷ್ಟೇ ಉಳಿಯುತ್ತದೆ.

ವಾರಂಟಿ ಮತ್ತು ಹಿಂದಿರುಗಿಸುವಿಕೆ

ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆಯಿದೆ, ಕೌನ್ಸೆಲಿಂಗ್ ಇದೆ, ಖಾಲಿ ಹುದ್ದೆ ಹೆಚ್ಚಿರುವ ತಾಲ್ಲೂಕಿನಿಂದ ಹೊರಗೆ ಬಿಡದ ನಿಯಮವೂ ಇದೆ. ಎಲ್ಲರೂ ಬಿಟ್ಟುಹೋಗುವ ತಾಲ್ಲೂಕಿನಲ್ಲಿ ಹುದ್ದೆ ಖಾಲಿ, ಹುದ್ದೆ ಖಾಲಿಯಾದ್ದರಿಂದ ಯಾರೂ ಹೋಗುವಂತಿಲ್ಲ. ಇದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ. ಆದೇಶ ಬರುವ ಹೊತ್ತಿಗೆ ನಿಮ್ಮ ಮಕ್ಕಳು ಹೋಗಲು ಒಪ್ಪುವ ಖಾತ್ರಿಯನ್ನೂ ನಾವು ಕೊಡುವುದಿಲ್ಲ. ನೀವು ವಾಪಸು ಹೋಗುವ ಲೆಕ್ಕದಲ್ಲಿ ರಟ್ಟಿನ ಡಬ್ಬಿಗಳನ್ನು ಅಟ್ಟದ ಮೇಲೆ ಇಟ್ಟಿರುತ್ತೀರಿ. ಮಕ್ಕಳು ಅಷ್ಟರಲ್ಲಿ ಆ ಡಬ್ಬಿಗಳಿಂದ ಮನೆ ಕಟ್ಟಿ, ಓಣಿಯ ಹುಡುಗರಿಗೆ ಬಾಡಿಗೆಗೂ ಕೊಟ್ಟಿರುತ್ತವೆ.

ಆದರೂ ಹೋಗುವುದೇ ಆದರೆ ಎದುರುಮನೆಯ ತಾಟು ವಾಪಸು ಕೊಟ್ಟು ಹೋಗಿ. ಕೂಲರನ್ನು ನಿಮ್ಮ ಜಾಗಕ್ಕೆ ಬರುವ ಸಂಸಾರಕ್ಕೆ ಬಿಟ್ಟುಕೊಡಿ. ತೀರ್ಥಹಳ್ಳಿಯಲ್ಲಿ ಅದನ್ನು ಯಾರೂ ಕೊಳ್ಳುವುದಿಲ್ಲ.