‘ಇತ್ಯಾದಿ’ ಪುರಾಣದ ಪಾಠಾಂತರಗಳು: ಒಂದು ಗ್ರಂಥಸಂಪಾದನಾ ಜಿಜ್ಞಾಸೆ

ಪೀಠಿಕೆ

ಲೋಕದಲ್ಲಿ ಗ್ರಂಥಗಳು ಎರಡು ಬಗೆ. ಓದದೆ ಪೂಜಿಸುವಂಥವು, ಓದದೆ ತಿದ್ದುವಂಥವು. ಮೊದಲನೆಯವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಸಂಶೋಧನೆ ನಡೆದಿದೆ, ಬೇಡವಾದಷ್ಟೂ ನಡೆದಿದೆ. ಎರಡನೆಯ ಬಗೆಗೆ ಸೇರಿದ ಒಂದು ಮಹಾಗ್ರಂಥ ಮಾತ್ರ ಇದುವರೆಗೆ ವಿದ್ವಾಂಸರ ಕಣ್ಣಿಗೆ ಬಿದ್ದಂತಿಲ್ಲ. ಪ್ರತಿಯೊಂದು ಲಿನಕ್ಸ್ ಗಣಕದ ಹೊಟ್ಟೆಯಲ್ಲೂ ಅದರದೊಂದು ಪ್ರತಿ ಇದೆ. ಹೆಸರು ‘/ಇಟಿಸಿ’. ಲ್ಯಾಟಿನ್ನಿನ ‘ಎಟ್ ಸೆಟೆರಾ’ ಸವೆದು ಆದ ರೂಪ, ಕನ್ನಡದಲ್ಲಿ ‘ಇತ್ಯಾದಿ’. ಗಣಕದ ಹೆಸರೇನು, ಯಾವ ಡಿಸ್ಕು ಎಲ್ಲಿ ಕೂರಬೇಕು, ಯಾರಿಗೆ ಎಷ್ಟು ಅಧಿಕಾರ, ಮುಚ್ಚಳ ಮುಚ್ಚಿದರೆ ನಿದ್ದೆಯೋ ಎಚ್ಚರವೋ, ಎಲ್ಲ ಬರೆದಿರುವುದು ಅಲ್ಲೇ. ಇಷ್ಟು ದೊಡ್ಡದಕ್ಕೆ ‘ಇತ್ಯಾದಿ’ ಎಂದು ಹೆಸರಿಟ್ಟವರ ವಿನಯ ಮೆಚ್ಚತಕ್ಕದ್ದು. ನಮ್ಮವರಾಗಿದ್ದರೆ ‘ಸಕಲವಿನ್ಯಾಸ ಮಹಾರ್ಣವ’ ಎಂದಿಟ್ಟು ಬಿಡುಗಡೆಗೆ ಮಂತ್ರಿಗಳನ್ನು ಕರೆಸುತ್ತಿದ್ದರು.

ಪ್ರಸ್ತುತ ಲೇಖಕ ಹೊಟ್ಟೆಪಾಡಿಗೆ ಓಲೆಗರಿ ಓದುವವನು. ಅವನ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಶಾಖೆಯ ಲಿನಕ್ಸನ್ನು ಹಾಕಿಕೊಟ್ಟು, ಮಾರನೆಯ ದಿನವೇ ಕೆಲಸಕ್ಕೆಂದು ಊರು ಬಿಟ್ಟವನು ಸೋದರಳಿಯ. ಆ ಡೆಬಿಯನ್ನನ್ನು 12ರಿಂದ 13ಕ್ಕೆ ಏರಿಸಲು ಹೋದಾಗ ಸಂಭವಿಸಿದ ಪಾಠಭೇದ, ಪಾಠಲೋಪ, ಪಾಠಕ್ಲೇಶಗಳ ಶಾಸ್ತ್ರೀಯ ವಿವೇಚನೆ ಇದು.

ಸಂಪ್ರದಾಯದ ವಂಶಾವಳಿ ಚಿಕ್ಕದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಬರೀ ಹವ್ಯಾಸಕ್ಕೆ ಎಂದು ಹೇಳಿಕೊಂಡು, ತಿರುಳನ್ನು ಬರೆದ. 1993ರಲ್ಲಿ ಇಯಾನ್ ಮರ್ಡಾಕ್ ಅದರ ಸುತ್ತ ಡೆಬಿಯನ್ ಕಟ್ಟಿದ. ಹೆಸರು ಬಂದದ್ದು ಪ್ರಿಯೆ ಡೆಬ್ರಾ ಮತ್ತು ತಾನು ಇಯಾನ್, ಇಬ್ಬರನ್ನೂ ಸಂಧಿ ಮಾಡಿ. ಗಂಡಹೆಂಡಿರ ಹೆಸರು ಕೂಡಿಸಿ ಮನೆಯ ಗೇಟಿಗೆ ಕೆತ್ತಿಸುವ ಪದ್ಧತಿ ಮೈಸೂರಿನ ಬಡಾವಣೆಗಳದ್ದು ಮಾತ್ರ ಎಂಬ ಮತ ಇದರಿಂದ ಬಿದ್ದುಹೋಗುತ್ತದೆ.

ಡೆಬಿಯನ್ನಿನ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಚಿತ್ರಗಳ ಆಟಿಕೆಗಳ ಹೆಸರು. ಒಂದು ಆವೃತ್ತಿಯ ಹೆಸರು ಆಲೂಗಡ್ಡೆ ಎಂದೇ ಇತ್ತು. ಎಂದೂ ಸ್ಥಿರಗೊಳ್ಳದ ಪ್ರಯೋಗಶಾಖೆಗೆ ‘ಸಿಡ್’. ಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗನ ಹೆಸರದು. ‘ಸಿಡಿ’ ಧಾತುವಿನಿಂದ ಬಂದಿದೆಯೆಂದು ನನ್ನ ಊಹೆ. 2023ರ ಜೂನ್‌ನಲ್ಲಿ ಬಂದ 12ನೆಯದು ‘ಬುಕ್‌ವರ್ಮ್’, ಅಂದರೆ ಪುಸ್ತಕದ ಹುಳು. ಜೀವಮಾನವಿಡೀ ಹಸ್ತಪ್ರತಿಗಳನ್ನು ಹುಳುವಿನಿಂದ ಕಾಪಾಡಿಕೊಂಡು ಬಂದವನು ಆ ಹುಳುವನ್ನೇ ಎರಡು ವರ್ಷ ಮಡಿಲಲ್ಲಿಟ್ಟುಕೊಂಡು ಸಾಕಿದೆ. ಚಿತ್ರದಲ್ಲಿ ಈ ಹುಳುವಿನ ಕೆಲಸ ಆಟಿಕೆಗಳ ಕೈಪಿಡಿಗಳನ್ನು ಕಾಯುವುದು. ಯಾವ ಕೈಪಿಡಿಯನ್ನೂ ನಾನು ತೆರೆಯದಿದ್ದುದರಿಂದ ನಮ್ಮಿಬ್ಬರಿಗೂ ಘರ್ಷಣೆಯಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ 13ನೆಯದು ‘ಟ್ರಿಕ್ಸಿ’, ಮೂರು ಕೊಂಬಿನ ಪ್ಲಾಸ್ಟಿಕ್ ಡೈನೊಸಾರ್. ಹುಳುವನ್ನು ಬಿಟ್ಟು ಡೈನೊಸಾರನ್ನು ಕರೆದುಕೊಳ್ಳುವುದನ್ನು ಏರಿಕೆ ಎನ್ನಬಹುದೆ ಎಂಬುದು ಬೇರೆಯೇ ಚರ್ಚೆ.

ನಿರುಕ್ತ

ಕರ್ಮಕ್ಕೆ ಮೊದಲು ಮಂತ್ರದ ಅರ್ಥ ತಿಳಿಯಬೇಕು. ಮಂತ್ರ ಇದು: ‘ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್’.

‘ಸುಡೊ’ ಎಂದರೆ ಮಹಾಬಳಕೆದಾರನ ಅಧಿಕಾರದಿಂದ ಮಾಡು ಎಂದು ಪಾಶ್ಚಾತ್ಯರು ಹೇಳುತ್ತಾರೆ. ಕನ್ನಡ ಬಲ್ಲವರಿಗೆ ಅರ್ಥ ನೇರವಾಗಿದೆ: ಎದುರಿಗಿರುವವನನ್ನು ಏಕವಚನದಲ್ಲಿ ಕರೆದು ‘ಸುಡೋ’ ಎಂದು ಹೇಳುವುದು. ಪಾಸ್‌ವರ್ಡ್ ಕೇಳಿದಾಗ ಒಂದು ನಕ್ಷತ್ರ ಕೂಡ ಕಾಣಿಸದೆ, ಕುರುಡು ನಂಬಿಕೆಯಲ್ಲೇ ಟೈಪಿಸಬೇಕಾದದ್ದು ಈ ಅರ್ಥಕ್ಕೆ ಇನ್ನಷ್ಟು ಬಲ ಕೊಡುತ್ತದೆ. ‘ಆಪ್ಟ್’ ನಿಸ್ಸಂಶಯವಾಗಿ ‘ಆಪ್ತ’. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಎಟುಕದ ಕಡೆ ಆಪ್ತವಾಕ್ಯವೇ ಪ್ರಮಾಣ ಎಂದು ನಮ್ಮ ತಾರ್ಕಿಕರು ಹೇಳಿಲ್ಲವೆ? ಇದೂ ಹಾಗೆಯೇ. 1,800 ಪೊಟ್ಟಣಗಳನ್ನು ಬದಲಿಸುತ್ತೇನೆ, 40 ಕಿತ್ತುಹಾಕುತ್ತೇನೆ, ಒಪ್ಪಿಗೆಯೆ ಎಂದು ಕೇಳುತ್ತದೆ. ಕಿತ್ತುಹಾಕುವ 40 ಯಾವುವು ಎಂದು ಓದಿ ಒಪ್ಪುವವನು ನಾಸ್ತಿಕ. ಅವನೇ ಉದ್ಧಾರವಾಗುವವನು ಎಂಬುದು ತಡವಾಗಿ ತಿಳಿಯಿತು. ‘ಆಪ್ಟ್ ಮೂ’ ಎಂದು ಟೈಪಿಸಿದರೆ ಪರದೆಯ ಮೇಲೆ ಹಸುವೊಂದು ಮೂಡುತ್ತದೆ, ಇದು ಸುಳ್ಳಲ್ಲ. ಕರ್ಮಾರಂಭದಲ್ಲಿ ಗೋಪೂಜೆ ವಿಹಿತವೆಂದು ನಾನು ಅದನ್ನೂ ಮಾಡಿದೆ.

ತಿರುಳಿಗೆ ‘ಕರ್ನಲ್’ ಎನ್ನುತ್ತಾರೆ. ದಂಡಿನ ಅಧಿಕಾರಿಗೂ ಕನ್ನಡದಲ್ಲಿ ಅದೇ ಪದ, ಅದೇ ಬರಹ. ಕಾಕತಾಳೀಯವಲ್ಲ. ಹೊಸ ಕರ್ನಲ್ ಬಂದು ಅಧಿಕಾರ ವಹಿಸಿಕೊಂಡರೂ ಹಳಬರು ‘/ಬೂಟ್’ ಎಂಬ ಕ್ವಾರ್ಟರ್ಸ್ ಖಾಲಿ ಮಾಡುವುದಿಲ್ಲ. ನನ್ನ ‘/ಬೂಟ್’ ಬೇರೆಯೇ ವಿಭಾಗ, ಬರೀ 250 ಎಂಬಿ, ಒಳಗೆ ಮೂವರು. ನಾಲ್ಕನೆಯವನು ಬಂದು, ತನ್ನ ಜೊತೆಗಿರಬೇಕಾದ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂಬ ಹಾಸಿಗೆ ಬಿಚ್ಚಲು ಜಾಗವಿಲ್ಲದೆ ಹೋದರೆ, ಮುಂದಿನ ಬಾರಿ ಗಣಕ ತನ್ನ ಬೇರು ಸಿಗದೆ ‘ಕರ್ನಲ್ ಪ್ಯಾನಿಕ್’ ಎಂದು ಕೂಗಿ ನಿಲ್ಲುತ್ತದೆ. ಆಗ ಗಣಕ ಏಳುವಾಗ ಕಾಣುವ ಗ್ರಬ್ ಪಟ್ಟಿಯ ‘ಅಡ್ವಾನ್ಸ್ಡ್’ ಬಾಗಿಲಿನಿಂದ ಹೋಗಿ ಹಳೆಯ ಕರ್ನಲನನ್ನೇ ಎಬ್ಬಿಸಬೇಕು. ಹಾಗಾಗಿ ಎಲ್ಲರನ್ನೂ ಓಡಿಸಬಾರದು, ಒಬ್ಬ ನಿವೃತ್ತ ಇರಲೇಬೇಕು. ‘ಆಟೊರಿಮೂವ್’ ಆಜ್ಞೆಗೆ ಇಷ್ಟು ವಿವೇಕ ಇದೆ.

ಪಾಠಾಂತರ ವಿಚಾರ

ಏರಿಕೆ ಅರ್ಧ ದಾರಿ ಬಂದಿತ್ತು. ಸರಸರನೆ ಹರಿಯುತ್ತಿದ್ದ ಅಕ್ಷರಗಳು ಗಕ್ಕನೆ ನಿಂತವು. ನಿಂತದ್ದು ‘ಲಾಗಿನ್‌ಡಿ.ಕಾನ್ಫ್’ ಎಂಬ ಗರಿಯ ಮುಂದೆ. ಗಣಕ ಹೇಳಿದ್ದರ ಸಾರ: ಈ ಗರಿಯನ್ನು ಸ್ಥಾಪನೆಯ ನಂತರ ಯಾರೋ ತಿದ್ದಿದ್ದಾರೆ, ನೀವು ಅಥವಾ ಒಂದು ಸ್ಕ್ರಿಪ್ಟು. ಇತ್ತ ವಿತರಕರು ಹೊಸ ಪಾಠ ಕಳಿಸಿದ್ದಾರೆ. ಏನು ಮಾಡೋಣ?

ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷ ನಾನು ಓಲೆಗರಿಗಳ ಮುಂದೆ ಕೂತು ಕೇಳಿಕೊಂಡದ್ದು ಇದೇ ಪ್ರಶ್ನೆಯನ್ನು. ತಿದ್ದಿದವನು ಕವಿಯೋ ಲಿಪಿಕಾರನೋ? ‘ನೀವು ಅಥವಾ ಸ್ಕ್ರಿಪ್ಟು’ ಎಂಬಲ್ಲಿ ‘ಸ್ಕ್ರಿಪ್ಟು’ ಎಂದರೂ ಲಿಪಿಯೇ ತಾನೆ?

ನಾಲ್ಕು ಮಾರ್ಗಗಳನ್ನು ಗಣಕವೇ ಸೂಚಿಸುತ್ತದೆ. ‘ವೈ’ ಒತ್ತಿದರೆ ವಿತರಕರ ಪಾಠ ಗ್ರಾಹ್ಯ. ನಮ್ಮದು ‘ಡಿಪಿಕೆಜಿ-ಓಲ್ಡ್’ ಎಂಬ ಬಾಲ ಹಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. (‘ಓಲ್ಡ್’ ಎಂಬುದು ನಮ್ಮ ‘ಓಲೆ’ಯಿಂದಲೇ ಆಯಿತೆಂದು ಬೇರೆಡೆ ಸಾಧಿಸುವವನಿದ್ದೇನೆ.) ‘ಎನ್’ ಒತ್ತಿದರೆ ನಮ್ಮದೇ ಉಳಿದು, ಅವರದು ‘ಡಿಪಿಕೆಜಿ-ಡಿಸ್ಟ್’ ಆಗಿ ಅಡಿಟಿಪ್ಪಣಿಗೆ ಇಳಿಯುತ್ತದೆ. ಏನೂ ತೋಚದೆ ಎಂಟರ್ ಕುಟ್ಟಿದರೂ ಫಲ ಇದೇ. ‘ಡಿ’ ಒತ್ತಿದರೆ ಎರಡೂ ಪಾಠಗಳ ಭೇದವನ್ನು ಸಾಲುಸಾಲಾಗಿ ತೋರಿಸುತ್ತದೆ, ನಮ್ಮ ಸಾಲಿಗೆ ಕಳೆಯುವ ಚಿಹ್ನೆ, ಅವರದಕ್ಕೆ ಕೂಡುವ ಚಿಹ್ನೆ. ಪಕ್ಷಪಾತ ಇಲ್ಲಿಂದಲೇ ಶುರು. ‘ಝಡ್’ ಒತ್ತಿದರೆ ಎಲ್ಲವನ್ನೂ ಅಲ್ಲಿಗೇ ಬಿಟ್ಟು ಶೆಲ್ ಎಂಬ ಗುಹೆ ಹೊಕ್ಕು ಚಿಂತಿಸಬಹುದು. ಇದು ಸನ್ಯಾಸ. ಹೊರಗೆ ಬಂದಾಗ ಅದೇ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

ನಾನು ‘ಡಿ’ ಒತ್ತಿದೆ. ಭೇದವಿದ್ದದ್ದು ಮುಖ್ಯವಾಗಿ ಒಂದೇ ಸಾಲಲ್ಲಿ: ‘ಹ್ಯಾಂಡಲ್‌ಲಿಡ್‌ಸ್ವಿಚ್=ಇಗ್ನೋರ್’. ಮುಚ್ಚಳವನ್ನು ಕಡೆಗಣಿಸು! ಇಂಥ ಉಡಾಫೆ ಮೂಲಕರ್ತೃವಿನದ್ದಾಗಿರಲಾರದು. ಯಾವನೋ ಅಲ್ಪಜ್ಞ ಲಿಪಿಕಾರನ ಪ್ರಕ್ಷೇಪ ಎಂದು ತೀರ್ಮಾನಿಸಿ ‘ವೈ’ ಒತ್ತಿದೆ. ಮುಂದೆ ಗಣಕ ಸರಿಹೋದ ಮೇಲೆ, ಮುಚ್ಚಳ ಮುಚ್ಚಿಟ್ಟು ಹರಿಕಥೆ ಕೇಳುತ್ತ ಓಲೆ ಒರೆಸುವ ನನ್ನ ನಿತ್ಯದ ಪದ್ಧತಿಯಂತೆ ಕೂತರೆ, ಕಥೆ ಸೀತಾಪಹರಣದಲ್ಲಿ ಕಡಿಯಿತು. ಮುಚ್ಚಳ ತೆಗೆದರೆ ಮುಂದುವರಿಯಿತು, ಮುಚ್ಚಿದರೆ ನಿಂತಿತು. ಆಮೇಲೆ ಆ ಅಲ್ಪಜ್ಞನ ಸಾಲನ್ನು ‘ಓಲ್ಡ್’ ಪ್ರತಿಯಿಂದ ಹುಡುಕಿ ತಂದು ಮರಳಿ ಸ್ಥಾಪಿಸಬೇಕಾಯಿತು.

ಈ ಬಾರಿ ಮೂಲಕ್ಕೆ ಕೈಹಚ್ಚಲಿಲ್ಲ. ‘ಲಾಗಿನ್‌ಡಿ.ಕಾನ್ಫ್.ಡಿ’ ಎಂದು ಕಪಾಟು ಮಾಡಿ, ಅದರಲ್ಲಿ ನಮ್ಮ ಒಂದು ಸಾಲನ್ನು ಪ್ರತ್ಯೇಕ ಚೀಟಿಯಲ್ಲಿ ಬರೆದಿಟ್ಟರೆ ಗಣಕ ಎರಡನ್ನೂ ಕೂಡಿಸಿ ಓದಿಕೊಳ್ಳುತ್ತದೆ. ಮೂಲ ಶುದ್ಧವಾಗಿರುತ್ತದೆ, ಮುಂದಿನ ಏರಿಕೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಟೀಕೆಯನ್ನು ಟೀಕೆಯ ಜಾಗದಲ್ಲಿ ಬರೆಯುವ ಈ ಸಂಯಮ ನಮ್ಮ ಲಿಪಿಕಾರರಿಗಿದ್ದಿದ್ದರೆ ನಾನು ಯಾವಾಗಲೋ ಕೆಲಸ ಕಳೆದುಕೊಳ್ಳುತ್ತಿದ್ದೆ.

ಶಾಸನ ವಿಚಾರ

ಏರಿಕೆ ಮುಗಿದು ಗಣಕವನ್ನು ಮರುಚಾಲನೆ ಮಾಡಿದಾಗ ಬಂದದ್ದು ನಿಜವಾದ ಕಂಟಕ. ಯಾವುದೋ ಡಿಸ್ಕಿಗಾಗಿ ಕಾಯುತ್ತಿದ್ದೇನೆ ಎಂದಿತು. ಒಂದು ನಿಮಿಷ 30 ಸೆಕೆಂಡಿನ ಗಡುವು. ಕೆಂಪು ಚುಕ್ಕಿಗಳು ಅತ್ತಿತ್ತ ಶತಪಥ ಹಾಕಿದವು. ಗಡುವು ತೀರಿತು. ‘ಎಮರ್ಜೆನ್ಸಿ ಮೋಡ್’ ಎಂದು ಘೋಷಿಸಿ ರೂಟ್ ಪಾಸ್‌ವರ್ಡ್ ಕೇಳಿತು.

ಕಪ್ಪು ಹಲಗೆ, ಬಿಳಿ ಅಕ್ಷರ. ಯುವಕರು ಹೆದರುವುದು ಇಲ್ಲೇ. ಹುಣಿಸೆಬೀಜದ ಸರಿ, ಇದ್ದಿಲು ಹಚ್ಚಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುತ್ತಿದ್ದ ಹಳೆಯ ಕಡತಗಳನ್ನು ಕಂಡವನಿಗೆ ಏನು ಭಯ? ಧೈರ್ಯವಾಗಿ ‘ಎಫ್‌ಎಸ್‌ಟ್ಯಾಬ್’ ತೆರೆದೆ. ಯಾವ ಡಿಸ್ಕು ಎಲ್ಲಿ ಸೇರಬೇಕೆಂದು ಹೇಳುವ ಗರಿ ಅದು. ಒಂದೊಂದು ಸಾಲಿಗೂ ಆರು ಪಾದ. ಮೊದಲ ಪಾದದಲ್ಲಿ ಡಿಸ್ಕಿನ ಗೋತ್ರಪ್ರವರ, ನಡುವೆ ಅಡ್ಡಗೆರೆಗಳಿರುವ 36 ಅಕ್ಷರಗಳ ಯುಯುಐಡಿ. ಕೊನೆಯಲ್ಲಿ ಒಂದು ಹೆಚ್ಚಿನ ಸಾಲು. ಅದರ ತಲೆಯ ಮೇಲೆ ಒಂದು ಟಿಪ್ಪಣಿ: ‘#’ ಚಿಹ್ನೆ, ಮುಂದೆ ಬರೀ ಚೌಕಗಳು.

ಈ ಕಪ್ಪು ಪರದೆಯ ಅಚ್ಚಿನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ, ಕನ್ನಡಕ್ಕೆ ಇಲ್ಲ. ಅಂದರೆ ಚೌಕಗಳ ಹಿಂದಿರುವುದು ಕನ್ನಡವೇ ಇರಬೇಕು! ಸವೆದ ಶಾಸನದಂತೆ ಎಣಿಸಿದೆ: ಒಂಬತ್ತು ಚೌಕ, ಒಂದು ಚುಕ್ಕಿ, ಐದು ಚೌಕ, ಮತ್ತೆ ಒಂಬತ್ತು. ಒಂಬತ್ತು-ಐದು-ಒಂಬತ್ತು ಯಾವ ವೃತ್ತ? ಕಂದಕ್ಕೆ ಒಗ್ಗಲಿಲ್ಲ, ಷಟ್ಪದಿಗೆ ಸಾಲಲಿಲ್ಲ. ತ್ರಿಪದಿಯ ಜಾಡು ಹಿಡಿದು ಮುಕ್ಕಾಲು ಗಂಟೆ ಕಳೆದೆ. ಕೊನೆಗೆ ಸೋದರಳಿಯನಿಗೆ ಫೋನು.

“ಮಾವ, ಬ್ಯಾಕಪ್ ಇದೆ ತಾನೆ?”

“ಇದೆಯಪ್ಪಾ. ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ಜೋಪಾನವಾಗಿ ಕಿತ್ತು ಬೀರುವಿನಲ್ಲಿ ಇಟ್ಟಿದ್ದೀನಿ.”

ಆ ಕಡೆ ಮೌನ. “ಕಿತ್ತದ್ದು ಯಾವಾಗ?”

“ಏರಿಸೋದಕ್ಕೆ ಮುಂಚೆ. ನೀನೇ ಹೇಳಿದ್ದೆಯಲ್ಲ.”

“ಎಫ್‌ಎಸ್‌ಟ್ಯಾಬ್‌ನಲ್ಲಿ ಕೊನೇ ಸಾಲು ಅದರದ್ದೇನಾ ನೋಡಿ ಮಾವ.”

ಅದರದ್ದೇ. ಎಂದೂ ಕೀಳದೆ ಗಣಕಕ್ಕೇ ಅಂಟಿಕೊಂಡಿದ್ದ ಡಿಸ್ಕು ಅದು. ಏರಿಕೆಯ ದಿನ ಮೊದಲ ಸಲ ಕಿತ್ತೆ. ಗಣಕ ಅದನ್ನು ಹುಡುಕಿ, ಕಾದು, ಹಟ ಹಿಡಿಯಿತು. ಡೈನೊಸಾರಿನದು ಇದರಲ್ಲಿ ಲವಲೇಶ ಪಾತ್ರವಿಲ್ಲ. ತಾಳೆಮರದ ಮೇಲೆ ಕಾಗೆ ಕೂತಿತು, ಅದೇ ಗಳಿಗೆಗೆ ಹಣ್ಣು ಬಿತ್ತು. ನಾನು ಕಾಗೆಯನ್ನು ಬೈಯುತ್ತಿದ್ದೆ. ಬದುಕಿಡೀ ತಾಳೆಗರಿ ಹಿಡಿದವನಿಗೆ ಈ ನ್ಯಾಯ ಹೊಳೆಯಲು ಸೋದರಳಿಯ ಬೇಕಾಯಿತು. “ನಾಲ್ಕನೇ ಜಾಗದಲ್ಲಿ ‘ನೋಫೇಲ್’ ಅಂತ ಸೇರಿಸಿ” ಎಂದ. ಸೇರಿಸಿದೆ. ಡಿಸ್ಕು ಹಾಜರಿರಲಿ, ಗೈರಾಗಲಿ, ಗಣಕ ಎಲ್ಲರನ್ನೂ ಪಾಸು ಮಾಡಿ ಮುಂದಿನ ತರಗತಿಗೆ ದಾಟಿಸುತ್ತದೆ. ನಮ್ಮ ವಿದ್ಯಾಭ್ಯಾಸ ಇಲಾಖೆಗೆ ಪರಿಚಿತವಾದ ತತ್ವವೇ.

ಪ್ರಕ್ಷೇಪಕಾರನ ಕಾಲ, ದೇಶ, ಮತ

ಮೇಜುಪರದೆ ಬಂದ ಮೇಲೆ ಚೌಕಗಳು ಕರಗಿ ಶಾಸನ ಓದಲು ಸಿಕ್ಕಿತು: ‘# ತಾತ್ಕಾಲಿಕ. ಆಮೇಲೆ ತೆಗೆಯಬೇಕು’. ಛಂದಸ್ಸಿಗೆ ‘ತಾತ್ಕಾಲಿಕ’ ನಾಲ್ಕೇ ಅಕ್ಷರ. ಯೂನಿಕೋಡು ಸ್ವರಚಿಹ್ನೆಯನ್ನೂ ಹಲಂತವನ್ನೂ ಬಿಡಿಬಿಡಿಯಾಗಿ ಎಣಿಸಿ ಒಂಬತ್ತು ಮಾಡಿತ್ತು. ನನ್ನ ತ್ರಿಪದಿ ಸಿದ್ಧಾಂತವನ್ನು ಇಲ್ಲಿಗೆ ಹಿಂಪಡೆಯುತ್ತೇನೆ.

ಇನ್ನು ಕರ್ತೃ ಯಾರು? ಸೋದರಳಿಯನಲ್ಲ, ಅವನು ಟಿಪ್ಪಣಿಯನ್ನೂ ಇಂಗ್ಲಿಷಿನಲ್ಲೇ ಬರೆಯುವವನು. ಸ್ಕ್ರಿಪ್ಟಲ್ಲ, ಅದಕ್ಕೆ ಪಶ್ಚಾತ್ತಾಪವಿಲ್ಲ. ಕಡತದ ತಾರೀಖು ನೋಡೋಣವೆಂದರೆ ಈಗಷ್ಟೇ ತಿದ್ದಿ ಉಳಿಸಿ ಆ ಸಾಕ್ಷ್ಯವನ್ನು ನಾನೇ ಒರೆಸಿಹಾಕಿದ್ದೆ. ಪಕ್ಕದಲ್ಲಿ ‘ಎಫ್‌ಎಸ್‌ಟ್ಯಾಬ್.ಬ್ಯಾಕ್’, ‘ಬ್ಯಾಕ್2’, ‘ಬ್ಯಾಕ್-ಕೊನೆ’, ‘ಬ್ಯಾಕ್-ಕೊನೆಕೊನೆ’ ಎಂಬ ನಾಲ್ಕು ಪ್ರತಿಗಳು ಸಿಕ್ಕವು. ಕೊನೆಯದರ ಕಾಲ ನಡುರಾತ್ರಿ 2 ಗಂಟೆ 40 ನಿಮಿಷ. ಕರ್ತೃ ಕನ್ನಡ ಬಲ್ಲವನು, ನಿಶಾಚರ, ಸ್ವಂತ ಹಾರ್ಡ್‌ಡಿಸ್ಕ್ ಉಳ್ಳವನು, ‘ಆಮೇಲೆ’ ಎಂಬ ಅವ್ಯಯದಲ್ಲಿ ಅಚಲ ಶ್ರದ್ಧೆ ಉಳ್ಳವನು. ರೂಟ್ ಪಾಸ್‌ವರ್ಡ್ ಗೊತ್ತಿರುವವರು ಮನೆಯಲ್ಲಿ ಇಬ್ಬರೇ, ಕ್ಯಾಲೆಂಡರಿನ ಹಿಂದೆ ಅದನ್ನು ಬರೆದಿಟ್ಟ ಹೆಂಡತಿ ಎರಡನೆಯವಳು. ಅವಳನ್ನು ವಿಚಾರಿಸಲಾಗಿ, “ನೀವೇ ಅಲ್ವೇನ್ರೀ, ಅವತ್ತು ಇಡೀ ರಾತ್ರಿ ಲೈಟು ಹಾಕ್ಕೊಂಡು ಕೂತಿದ್ದು?” ಎಂಬ ಬಾಹ್ಯಸಾಕ್ಷ್ಯ ದೊರೆಯಿತು.

ಲಾಗಿನ್‌ಡಿಯ ‘ಅಲ್ಪಜ್ಞ’ನ ಬಗ್ಗೆಯೂ ಅವಳಿಗೆ ಮಾಹಿತಿ ಇತ್ತು. ವಿಸ್ತಾರಭಯದಿಂದ ಬಿಟ್ಟಿದ್ದೇನೆ.

ಎಫ್‌ಎಸ್‌ಟ್ಯಾಬಿನ ಪರಿಷ್ಕೃತ ಪಾಠ ಈಗ ಸಿದ್ಧವಾಗಿದೆ, ತಿದ್ದಿದವನ ಹೆಸರು, ತಾರೀಖು, ಕಾರಣ ಸಹಿತ. ಟಿಪ್ಪಣಿಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದೇನೆ, ಕಪ್ಪು ಪರದೆಯಲ್ಲಿ ಮತ್ತೆ ಚೌಕ ಎಣಿಸುವ ವಯಸ್ಸಲ್ಲ. ಈ ಪ್ರಬಂಧದ ಎರಡನೆಯ ಸಂಪುಟ ಪ್ರಿಂಟರನ್ನು ಕುರಿತದ್ದು. ಬರೆದು ಮುಗಿದಿದೆ, ಇನ್ನೂ ಅಚ್ಚಾಗಿಲ್ಲ.